75 ನಿಮಿಷ ಸಾಕೇ? ನಡುದಾರಿಯಲ್ಲಿ ವಿಮಾನ ಬದಲಿಸುವವರ ಪ್ರಶ್ನೆಗಳು

ಪ್ರಶ್ನೆ: ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಲಿಸ್ಬನ್‌ಗೆ ಲುಫ್ತಾನ್ಸಾದಲ್ಲಿ ಒಂದೇ ಟಿಕೆಟ್ ಮಾಡಿಸಿದ್ದೇವೆ. ನಡುವೆ ಸಿಗುವುದು 75 ನಿಮಿಷ. ಇಬ್ಬರಿಗೂ ಯುರೋಪ್ ಹೊಸದು. ಸಾಲುತ್ತದೆಯೇ?
— ದಂಪತಿ, ಜಯನಗರ

ಉತ್ತರ: ಮೊದಲ ವಿಮಾನ ಹೊತ್ತಿಗೆ ಸರಿಯಾಗಿ ಬಂದರೆ ಸಾಲುತ್ತದೆ. ಅರ್ಧ ಗಂಟೆ ತಡವಾದರೆ ಸಾಲದು ಎಂದೇ ಇಟ್ಟುಕೊಳ್ಳಿ. ಫ್ರಾಂಕ್‌ಫರ್ಟ್‌ನ 1ನೇ ಟರ್ಮಿನಲ್‌ನಲ್ಲಿ 45 ನಿಮಿಷದ ಅಂತರಕ್ಕೂ ಟಿಕೆಟ್ ಮಾರುತ್ತಾರೆ. ಆ ಲೆಕ್ಕದಲ್ಲಿ ನಿಮ್ಮದು ಧಾರಾಳವೇ. ಆದರೆ ಕೈಗೆ ಸಿಗುವ ಹೊತ್ತು ಬೇರೆ. ಎರಡನೇ ವಿಮಾನದ ಗೇಟ್ ಸಾಮಾನ್ಯವಾಗಿ 15–20 ನಿಮಿಷ ಮೊದಲೇ ಮುಚ್ಚುತ್ತದೆ, ಉಳಿಯಿತು 55. ಹಿಂದಿನ ಸಾಲಿನಲ್ಲಿ ಕೂತಿದ್ದರೆ ಇಳಿಯುವುದಕ್ಕೇ 15 ನಿಮಿಷ, ಉಳಿಯಿತು 40. ವಿಮಾನವನ್ನು ದೂರದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಕರೆತಂದರೆ ಇನ್ನೂ 10 ಹೋಯಿತು. ಮಿಕ್ಕ ಅರ್ಧ ಗಂಟೆಯಲ್ಲಿ ಸೆಕ್ಯುರಿಟಿ, ಪಾಸ್‌ಪೋರ್ಟ್ ತಪಾಸಣೆ, ನಡಿಗೆ ಮೂರೂ ಮುಗಿಯಬೇಕು. ಹಾಗಾಗಿ ಸೀಟಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಮುಂದಿನ ಸಾಲು ಹಿಡಿಯಿರಿ. ನಿಮ್ಮ ಪ್ರಯಾಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಖರ್ಚು ಅದೇ.

ಗೇಟಿನ ಅಕ್ಷರ ಗೊತ್ತಿದ್ದರೆ ದಿಕ್ಕು ತಪ್ಪುವುದಿಲ್ಲ. ಷೆಂಗೆನ್ ದೇಶಗಳಿಗೆ (ತಮ್ಮೊಳಗೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳು, ಪೋರ್ಚುಗಲ್ ಕೂಡ ಅದರಲ್ಲಿದೆ) ಹೋಗುವ ಲುಫ್ತಾನ್ಸಾ ವಿಮಾನಗಳು ಹೆಚ್ಚಾಗಿ ‘ಎ’ ಗೇಟುಗಳಿಂದ ಹೊರಡುತ್ತವೆ. ‘ಝಡ್’ ಗೇಟುಗಳಿರುವುದು ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ನಿಮ್ಮ ವಿಮಾನ ‘ಝಡ್’ಗೆ ಬಂದರೆ ತಪಾಸಣೆ ಮುಗಿಸಿ ಕೆಳಗಿಳಿದರೆ ಆಯಿತು. ‘ಬಿ’ಗೆ ಬಂದರೆ ನೆಲದಡಿಯ ಸುರಂಗ ದಾಟಿ ಹೋಗಬೇಕು, ಅದಕ್ಕೆ 15 ನಿಮಿಷ ಹಿಡಿಯಿರಿ. ‘ಬ್ಯಾಗೇಜ್ ಕ್ಲೇಮ್’ ಬೋರ್ಡಿನ ಕಡೆ ತಿರುಗಲೇಬೇಡಿ. ಗುಂಪಿನ ಹಿಂದೆ ಹೋದವರು ಅಲ್ಲೇ ದಾರಿ ತಪ್ಪುತ್ತಾರೆ, ಆ ಗುಂಪಿನಲ್ಲಿ ಬಹಳ ಮಂದಿ ಫ್ರಾಂಕ್‌ಫರ್ಟ್‌ನಲ್ಲೇ ಇಳಿಯುವವರು.

ಬೆಂಗಳೂರಿನಲ್ಲಿ ಸೆಕ್ಯುರಿಟಿ ಆಗಿದ್ದರೂ ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ಮಾಡುತ್ತಾರೆ. ನಮ್ಮವರ ಹೊತ್ತು ಹಾಳಾಗುವುದು ಕೈಚೀಲದಲ್ಲಿರುವ ಉಪ್ಪಿನಕಾಯಿ, ತೊಕ್ಕು, ತುಪ್ಪದ ಡಬ್ಬಿಗಳಿಂದ. ಅವು ದ್ರವದ ಲೆಕ್ಕಕ್ಕೆ ಸೇರುತ್ತವೆ. ಚೀಲವನ್ನು ಪಕ್ಕಕ್ಕೆ ಸರಿಸಿ, ಬಿಚ್ಚಿ, ಡಬ್ಬಿ ತೆಗೆಸುವಷ್ಟರಲ್ಲಿ ಹತ್ತು ನಿಮಿಷ ಕರಗಿರುತ್ತದೆ. ತುಪ್ಪವನ್ನು ಮನೆಯಲ್ಲೇ ಬಿಡಿ, ಹಾಲಿನ ಪದಾರ್ಥಗಳನ್ನು ಭಾರತದಿಂದ ಯುರೋಪಿಗೆ ಒಯ್ಯುವಂತಿಲ್ಲ. ಉಳಿದವನ್ನು ಚೆಕ್‌-ಇನ್ ಪೆಟ್ಟಿಗೆಗೆ ಹಾಕಿ. ಕೆಂಪೇಗೌಡ ನಿಲ್ದಾಣದಲ್ಲಿ ತುಂಬಿಸಿಕೊಂಡ ನೀರಿನ ಬಾಟಲಿಯನ್ನು ಇಳಿಯುವ ಮೊದಲೇ ಖಾಲಿ ಮಾಡಿ. ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯ ಸೀಲ್ ಮಾಡಿದ ಚೀಲವನ್ನು ಲಿಸ್ಬನ್ ತಲುಪುವವರೆಗೂ ಹರಿಯಬೇಡಿ.

ಪಾಸ್‌ಪೋರ್ಟ್ ತಪಾಸಣೆ ಲಿಸ್ಬನ್‌ನಲ್ಲಿ ಅಲ್ಲ, ಫ್ರಾಂಕ್‌ಫರ್ಟ್‌ನಲ್ಲೇ. ಷೆಂಗೆನ್ ವಲಯದಲ್ಲಿ ಮೊದಲು ಕಾಲಿಡುವ ಜಾಗದಲ್ಲೇ ಅದು ಆಗುವುದು. 2025ರ ಅಕ್ಟೋಬರ್‌ನಿಂದ ಯುರೋಪ್ ಹೊಸ ನೋಂದಣಿ ವ್ಯವಸ್ಥೆ ತಂದಿದೆ. ಮೊದಲ ಸಲ ಹೋಗುವವರ ಮುಖದ ಫೋಟೊ ತೆಗೆಯುತ್ತಾರೆ, ಇದರಿಂದ ಒಬ್ಬೊಬ್ಬರಿಗೆ ಹಿಡಿಯುವ ಹೊತ್ತು ಹೆಚ್ಚಾಗಿದೆ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆಯ ಕಾಗದವನ್ನು ಅಚ್ಚು ಹಾಕಿಸಿ ಕೈಯಲ್ಲಿಟ್ಟುಕೊಳ್ಳಿ. ಮೊಬೈಲಿನಲ್ಲಿ ಪಿಡಿಎಫ್ ಹುಡುಕುತ್ತ ನಿಲ್ಲುವ ಜಾಗ ಅದಲ್ಲ. ಸಾಲು ಉದ್ದವಿದ್ದು ಹೊತ್ತು ಮೀರುತ್ತಿದ್ದರೆ ಅಲ್ಲಿ ನಿಂತಿರುವ ಸಿಬ್ಬಂದಿಗೆ ಬೋರ್ಡಿಂಗ್ ಪಾಸ್ ತೋರಿಸಿ ಕೇಳಿ, ಸಂಕೋಚ ಬೇಡ.

ಬೆಂಗಳೂರಿನ ಕೌಂಟರ್‌ನಲ್ಲಿ ಎರಡೂ ವಿಮಾನಗಳ ಬೋರ್ಡಿಂಗ್ ಪಾಸ್ ಕೇಳಿ ಪಡೆಯಿರಿ. ಪೆಟ್ಟಿಗೆಗೆ ಕಟ್ಟುವ ಚೀಟಿಯಲ್ಲಿ ದೊಡ್ಡದಾಗಿ ಲಿಸ್ಬನ್‌ನ ಸಂಕೇತ ‘ಎಲ್‌ಐಎಸ್’ ಎಂದಿರಬೇಕು. ‘ಎಫ್‌ಆರ್‌ಎ’ ಅಂತ ಮಾತ್ರ ಇದ್ದರೆ ಪೆಟ್ಟಿಗೆ ಫ್ರಾಂಕ್‌ಫರ್ಟ್‌ನಲ್ಲೇ ಉಳಿಯುತ್ತದೆ, ಬೆಂಗಳೂರಿನ ಕೌಂಟರ್‌ನಲ್ಲೇ ಸರಿ ಮಾಡಿಸಿ.

ಪ್ರಶ್ನೆ: ಮಂಗಳೂರಿನಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಸಿಂಗಪುರಕ್ಕೆ ಬೇರೆ ಕಂಪನಿಯ ಟಿಕೆಟ್. ನಡುವೆ ಎರಡೂವರೆ ಗಂಟೆ.
— ಓದುಗರು, ಸುರತ್ಕಲ್

ಉತ್ತರ: ಬೇಡ. ಬೇರೆ ಬೇರೆ ಟಿಕೆಟ್ ಆದರೆ ಮೊದಲ ವಿಮಾನ ತಡವಾದದ್ದಕ್ಕೆ ಎರಡನೇ ಕಂಪನಿ ಹೊಣೆ ಹೊರುವುದಿಲ್ಲ. ನೀವು ಬರಲೇ ಇಲ್ಲ ಎಂದು ಬರೆದುಕೊಳ್ಳುತ್ತದೆ. ನೀವು 1ನೇ ಟರ್ಮಿನಲ್‌ನಲ್ಲಿ ಇಳಿದರೆ ಸಾಮಾನು ತೆಗೆದುಕೊಂಡು, ಹೊರಗೆ ಬಂದು, ಶಟಲ್ ಬಸ್ ಹಿಡಿದು 2ನೇ ಟರ್ಮಿನಲ್‌ಗೆ ಹೋಗಬೇಕು. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳೆಲ್ಲ ಅಲ್ಲಿಂದಲೇ. ಚೆಕ್‌-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಐದು ಗಂಟೆ ಇಟ್ಟುಕೊಳ್ಳಿ. ಮಳೆಗಾಲದಲ್ಲಾದರೆ ಹಿಂದಿನ ದಿನವೇ ಬಂದುಬಿಡಿ, ಬಜ್ಪೆಯಲ್ಲಿ ಮೋಡ ಕವಿದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಪ್ರಶ್ನೆ: 68 ವರ್ಷದ ಅಮ್ಮ ಒಬ್ಬರೇ ಅಮೆರಿಕಕ್ಕೆ ಹೊರಟಿದ್ದಾರೆ. ಅಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು, ಎರಡು ಗಂಟೆ ಇದೆ. ಇಂಗ್ಲಿಷ್ ಬಾರದು. ವೀಲ್‌ಚೇರ್ ಕೇಳಿದ್ದೇವೆ.
— ಓದುಗರು, ಮಲ್ಲೇಶ್ವರ

ಉತ್ತರ: ವೀಲ್‌ಚೇರ್ ಕೇಳಿದ್ದು ಒಳ್ಳೆಯದಾಯಿತು, ದಾರಿ ಹುಡುಕುವ ಚಿಂತೆ ಅಮ್ಮನಿಗಿಲ್ಲ. ಆದರೆ ವೀಲ್‌ಚೇರ್‌ನವರನ್ನು ಹತ್ತಿಸುವುದು ಮೊದಲು, ಇಳಿಸುವುದು ಎಲ್ಲರಿಗಿಂತ ಕೊನೆಗೆ. ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಪೆಟ್ಟಿಗೆ ಮತ್ತೆ ಒಪ್ಪಿಸಿ, ಇನ್ನೊಮ್ಮೆ ಸೆಕ್ಯುರಿಟಿಗೆ ನಿಲ್ಲಬೇಕು. ಎರಡು ಗಂಟೆ ಸಾಲದು, ನಾಲ್ಕು ಇರಲಿ. ಟಿಕೆಟ್ ಬದಲಿಸುವ ಅವಕಾಶವಿದ್ದರೆ ಅಬುಧಾಬಿ ದಾರಿ ನೋಡಿ: ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ, ಆ ಕಡೆ ಇಳಿದಾಗ ಒಳನಾಡಿನ ಪ್ರಯಾಣಿಕರಂತೆ ನೇರ ಹೊರಡಬಹುದು. ಅಬುಧಾಬಿಯಲ್ಲಿ ಮಾತ್ರ ಮೂರು ಗಂಟೆಗೆ ಕಡಿಮೆ ಬೇಡ. ಅಲ್ಲಿ ಉಳಿದುಕೊಳ್ಳುವ ಮನೆಯ ವಿಳಾಸ, ಫೋನ್ ನಂಬರ್, ಎಷ್ಟು ದಿನ ಇರುತ್ತಾರೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಕನ್ನಡ ಮಾತ್ರ ಬರುತ್ತದೆ — ಇಷ್ಟನ್ನೂ ಇಂಗ್ಲಿಷಿನಲ್ಲಿ ಬರೆದ ಹಾಳೆಯೊಂದನ್ನು ಪಾಸ್‌ಪೋರ್ಟ್ ಒಳಗಿಡಿ.

ಪ್ರಶ್ನೆ: ಎರಡನೇ ವಿಮಾನ ತಪ್ಪಿಯೇ ಹೋದರೆ ಮೊದಲು ಏನು ಮಾಡಬೇಕು?
— ಓದುಗರು, ಯಲಹಂಕ

ಉತ್ತರ: ಹೊರಗೆ ಹೋಗಬೇಡಿ. ಕಂಪನಿಯ ಟ್ರಾನ್ಸ್‌ಫರ್ ಕೌಂಟರ್ ಸಾಲಿನಲ್ಲಿ ನಿಂತುಕೊಂಡೇ ಅದರ ಆ್ಯಪ್ ತೆರೆಯಿರಿ, ಎಷ್ಟೋ ಸಲ ಹೊಸ ವಿಮಾನದ ಟಿಕೆಟ್ ಆಗಲೇ ಬಂದಿರುತ್ತದೆ. ಒಂದೇ ಟಿಕೆಟ್ ಆದರೆ ಇನ್ನೊಂದು ವಿಮಾನ ಕೊಡುವುದು ಅವರ ಹೊಣೆ. ಯುರೋಪಿನ ಕಂಪನಿಯಲ್ಲಿ ಬೆಂಗಳೂರಿನಿಂದ ಯುರೋಪಿಗೆ ಹೋಗುವವರು, ಕಂಪನಿಯದೇ ಕಾರಣದಿಂದ ನಾಲ್ಕು ಗಂಟೆಗೂ ಹೆಚ್ಚು ತಡವಾಗಿ ತಲುಪಿದರೆ 600 ಯೂರೊ ಪರಿಹಾರ ಕೇಳಬಹುದು. ಹವಾಮಾನ ಕೆಟ್ಟು ತಡವಾದದ್ದಕ್ಕೆ ಅದು ಸಿಗದು, ಆದರೆ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲ್ ಆಗಲೂ ಸಿಗಬೇಕು. ನೀವು ಓಡಿ ವಿಮಾನ ಹಿಡಿದರೂ ಪೆಟ್ಟಿಗೆ ಹಿಂದೆ ಉಳಿದಿರಬಹುದು. ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ ಅದರ ನಂಬರ್ ಪಡೆಯಿರಿ. ಅಲ್ಲಿ ಕೊಂಡ ಬಟ್ಟೆ, ಸೋಪಿನ ಬಿಲ್ಲುಗಳನ್ನು ಜೋಪಾನ ಮಾಡಿ. ಪೆಟ್ಟಿಗೆ ಕೈಸೇರಿದ 21 ದಿನದೊಳಗೆ ಲಿಖಿತವಾಗಿ ಕ್ಲೇಮ್ ಸಲ್ಲಿಸಬೇಕು.