ಮಧುಗಿರಿ ಬೆಟ್ಟ: ಹತ್ತೋರ ಪ್ರಶ್ನೆ, ಇಳಿಯೋರ ಉತ್ತರ

ಪ್ರಶ್ನೆ: ಮಧುಗಿರಿ ಕೋಟೆ ಟ್ರೆಕ್‌ಗೆ ಆಫೀಸಿನ ಫ್ರೆಂಡ್ಸ್ ಜೊತೆ ಹೋಗ್ಬೇಕು ಅಂತಿದೀವಿ. ನಂಗೆ ಎತ್ತರ ಅಂದ್ರೆ ಸ್ವಲ್ಪ ಭಯ. ರೀಲ್ಸಲ್ಲಿ ನೋಡಿದ್ರೆ ಸುಲಭ ಅನ್ಸುತ್ತೆ, ಹೋಗಿಬಂದೋರು ಮಾತ್ರ ಹೆದರಿಸ್ತಾರೆ. ಯಾವ್ದು ನಿಜ? (ಹಾಸನದ ಓದುಗರು)

ಉತ್ತರ: ಎರಡೂ ನಿಜಾನೇ, ಯಾಕಂದ್ರೆ ರೀಲ್ಸ್ ಮಾಡೋರು ಹತ್ತೋದನ್ನ ತೋರಿಸ್ತಾರೆ, ಇಳಿಯೋದನ್ನ ಯಾರೂ ತೋರಿಸಲ್ಲ. ಇಲ್ಲಿ ಅಸಲಿ ಕಷ್ಟ ಇರೋದೇ ಇಳಿಯೋದ್ರಲ್ಲಿ. ಶುರುವಲ್ಲಿ ಮೆಟ್ಟಿಲು, ಒಂದಾದ ಮೇಲೊಂದು ಬಾಗಿಲು, ಗೋಡೆ, ಆರಾಮಾಗಿ ಮಾತಾಡ್ಕೊಂಡು ಹೋಗ್ಬೋದು, ಅದಾದ್ಮೇಲೆ ಮೆಟ್ಟಿಲು ಮುಗಿದು ಬರೀ ಬಂಡೆ ಶುರುವಾಗುತ್ತೆ, ಅದ್ರಲ್ಲಿ ಹಿಂದಿನೋರು ಕೊರೆದಿಟ್ಟ ಸಣ್ಣ ಸಣ್ಣ ಗುಳಿಗಳು, ಪಾದದ ಮುಂಭಾಗ ಇಡೋಕಷ್ಟೇ ಜಾಗ, ಎಷ್ಟೋ ಗುಳಿ ಕಾಲು ಉಜ್ಜಿ ಉಜ್ಜಿ ನುಣ್ಣಗಾಗ್ಬಿಟ್ಟಿವೆ. ಕೆಲವು ಕಡೆ ಕಬ್ಬಿಣದ ಕಂಬಿ ಇದೆ, ಎಲ್ಲಾ ಕಡೆ ಇಲ್ಲ. ಹತ್ತುವಾಗ ಕಣ್ಣೆದುರಿಗೆ ಬಂಡೆ ಮಾತ್ರ ಇರುತ್ತೆ, ಅದಕ್ಕೆ ಭಯ ಗೊತ್ತಾಗಲ್ಲ. ವಾಪಸ್ ತಿರುಗಿದ ತಕ್ಷಣ ಕೆಳಗಿನ ಊರು ಪೂರ್ತಿ ಕಾಲಡಿಗೆ ಬಂದು ನಿಲ್ಲುತ್ತೆ.

ಹಾಗಾಗಿ ನಿಮಗೆ ನನ್ನ ಸಲಹೆ ಇಷ್ಟೇ: ಆ ಬೋಳು ಬಂಡೆ ಶುರುವಾಗೋ ಕಡೆ ಸ್ವಲ್ಪ ಹತ್ತಿ, ನಿಂತು, ಒಂದ್ಸಲ ಹಿಂದೆ ತಿರುಗಿ ನೋಡಿ. ತಲೆ ಗಿರ್ ಅಂದ್ರೆ ಅಲ್ಲೇ ಕೂತ್ಕೊಳ್ಳಿ, ಫ್ರೆಂಡ್ಸ್ ಹೋಗಿಬರಲಿ. 'ಇಲ್ಲೀವರೆಗೆ ಬಂದು ಬಿಡೋದಾ' ಅಂತ ಅವ್ರು ಗೋಳು ಹೊಯ್ಕೊಂಡ್ರೆ ಹೊಯ್ಕೊಳ್ಳಲಿ. ಹೋದ್ರೆ, ಇಳಿಯುವಾಗ ಅಡ್ಡ ಕಾಲು ಇಟ್ಟು ಇಳೀರಿ, ಆಗ್ಲಿಲ್ಲ ಅಂದ್ರೆ ಕೂತ್ಕೊಂಡೇ ಜರುಗಿ, ಪ್ಯಾಂಟ್ ಹಾಳಾಗುತ್ತೆ ಅಷ್ಟೇ. ಸೋಲ್ ಸವೆದ ಶೂ, ಚಪ್ಪಲಿ ಖಂಡಿತ ಬೇಡ. ಮಳೆ ಬಂದ ದಿನ ಅಥವಾ ಬರೋ ಹಾಗಿದ್ರೆ ಪ್ಲಾನ್ ಕ್ಯಾನ್ಸಲ್ ಮಾಡಿ, ಒದ್ದೆ ಬಂಡೆ ಮೇಲೆ ಯಾವ ಬ್ರ್ಯಾಂಡಿನ ಶೂನೂ ಕೆಲಸಕ್ಕೆ ಬರಲ್ಲ.

ಪ್ರಶ್ನೆ: ಕೆಳದಿ ರಾಣಿ ವೀರಮ್ಮಾಜಿನ ಇಲ್ಲೇ ಸೆರೆ ಇಟ್ಟಿದ್ರಂತೆ ಹೌದಾ? ಬಿದನೂರೆಲ್ಲಿ, ಮಧುಗಿರಿ ಎಲ್ಲಿ! (ಸಾಗರದ ಓದುಗರು)

ಉತ್ತರ: ಹೌದು, ಇಲ್ಲೇ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ತಗೊಂಡ, ರಾಣಿನೂ ದತ್ತುಮಗನೂ ಸಿಕ್ಕಿಬಿದ್ರು, ಅವ್ರನ್ನ ತಂದು ಈ ಕೋಟೇಲಿ ಇಟ್ಟ. ಎಲ್ಲಿಂದೆಲ್ಲಿಗೆ ಅಂತ ಕೇಳಿದ್ರಲ್ಲ, ಬಹುಶಃ ಅದೇ ಕಾರಣ ಇರ್ಬೇಕು: ಮಲೆನಾಡಲ್ಲಿ ಅವ್ರ ಕಡೆಯೋರು ಇರ್ತಾರೆ, ಈ ಬಯಲುಸೀಮೆ ಬಂಡೆ ಮೇಲೆ ಯಾರಿದ್ದಾರೆ? ಮೇಲಾಗಿ ಬೆಟ್ಟದ ಮೈನೇ ಇಲ್ಲಿ ಕಾವಲು. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಕೋಟೆ ಹಿಡಿದಾಗ ಅವ್ರಿಗೆ ಬಿಡುಗಡೆ ಆಯ್ತು, ಆದ್ರೆ ಪುಣೆಗೆ ಹೋಗೋ ದಾರೀಲೇ ರಾಣಿ ತೀರ್ಕೊಂಡ್ರು. ಅದಕ್ಕೂ ಮುಂಚೆ ಇದು ಸ್ಥಳೀಯ ಗೌಡ ಪಾಳೆಯಗಾರರ ಕೋಟೆ, 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಗೆ ಬಂತು, ಆಮೇಲೆ ಹೈದರಾಲಿ ಇದನ್ನ ಇನ್ನಷ್ಟು ಗಟ್ಟಿ ಮಾಡಿಸ್ದ. ಅಷ್ಟೆಲ್ಲ ನಡೆದ ಜಾಗದಲ್ಲಿ ಜನ ಬಂದು ಗೋಡೆ ಮೇಲೆ ಹೆಸರು ಕೆತ್ತಿ ಹೋಗ್ತಾರೆ, ಏನ್ ಹೇಳೋದು.

ಪ್ರಶ್ನೆ: ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲಾ ಬೆಟ್ಟ ಅಂತಾರಲ್ಲ? (ತಿಪಟೂರಿನ ಓದುಗರು)

ಉತ್ತರ: ಅಂತಾರೆ. ಯಾರು ಟೇಪ್ ಹಿಡಿದು ಅಳೆದ್ರೋ! ಮೊದಲನೇದು ಸಾವನದುರ್ಗ ಅಂತಾನೂ ಅಂತಾರೆ. ನಂಬರ್ ಬಿಡಿ, ಮಧುಗಿರಿ ಬಸ್ ಸ್ಟ್ಯಾಂಡಲ್ಲಿ ಇಳಿದು ಕತ್ತೆತ್ತಿ ನೋಡಿದ್ರೆ ಸಾಕು.

ಪ್ರಶ್ನೆ: ಅಮ್ಮನಿಗೆ ಅರವತ್ತೈದು, ಮಂಡಿ ನೋವಿದೆ, ಆದ್ರೂ ಬರ್ತೀನಿ ಅಂತಿದಾರೆ. ಕರ್ಕೊಂಡು ಹೋಗ್ಬೋದಾ? ಬೆಂಗಳೂರಿಂದ ಬಸ್ ಸಿಗುತ್ತಾ? (ಬೆಂಗಳೂರಿನ ಓದುಗರು)

ಉತ್ತರ: ಕರ್ಕೊಂಡು ಹೋಗಿ, ಆದ್ರೆ ತುದಿಗಲ್ಲ. ಮೊದಲ ಬಾಗಿಲಿನ ತನಕ ಅವ್ರು ನಿಧಾನಕ್ಕೆ ಬಂದ್ರೂ ಕೋಟೆ ನೋಡಿದ ಹಾಗೇ, ಕೆಳಗೆ ಊರಲ್ಲಿ ವೆಂಕಟರಮಣ, ಮಲ್ಲೇಶ್ವರ ದೇವಸ್ಥಾನ ಒಂದರ ಪಕ್ಕ ಒಂದಿವೆ, ಅವರಿಗೆ ಅಲ್ಲೇ ಖುಷಿ ಆಗ್ಬೋದು. ತುದೀಲಿರೋ ಗೋಪಾಲಕೃಷ್ಣ ದೇವಸ್ಥಾನ ಪಾಳು, ಪೂಜೆ ಗೀಜೆ ಏನಿಲ್ಲ, ಅದನ್ನೂ ಅಮ್ಮನಿಗೆ ಮೊದ್ಲೇ ಹೇಳ್ಬಿಡಿ. ಬೆಂಗಳೂರಿಂದ ಸುಮಾರು 100 ಕಿಲೋಮೀಟರ್, ಪಾವಗಡದ ಕಡೆ ಹೋಗೋ ಬಸ್ಸುಗಳು ಮಧುಗಿರಿ ಮೇಲೇ ಹೋಗ್ತವೆ, ಬೆಳಗಿನ ಮೊದ್ಲ ಬಸ್ ಹಿಡೀರಿ. ಹತ್ತು ಗಂಟೆ ಆದ್ಮೇಲೆ ಬಂಡೆ ಕಾಯೋಕೆ ಶುರುವಾದ್ರೆ ಕೈಯೂರೋಕೂ ಆಗಲ್ಲ, ಮೇಲೆ ನೆರಳೂ ಇಲ್ಲ, ಅಂಗಡಿನೂ ಇಲ್ಲ, ಒಬ್ಬೊಬ್ರೂ ಎರಡು ಲೀಟರ್ ನೀರು ಹೊತ್ಕೊಳ್ಳಲೇಬೇಕು. ತಿಂಡಿ ಕವರ್ ಕೈಯಲ್ಲಿ ಹಿಡ್ಕೊಂಡು ನಡೀಬೇಡಿ, ಕೋತಿಗಳಿವೆ, ಬಂಡೆ ಮೇಲೆ ಅವುಗಳ ಜೊತೆ ಎಳೆದಾಡೋ ಪರಿಸ್ಥಿತಿ ಬೇಡ.

ಪ್ರಶ್ನೆ: ಮೇಲೆ ಟೆಂಟ್ ಹಾಕಿ ರಾತ್ರಿ ಉಳೀಬಹುದಾ? (ದಾವಣಗೆರೆಯ ಓದುಗರು)

ಉತ್ತರ: ಇಲ್ಲ. ಇದು ಸಂರಕ್ಷಿತ ಸ್ಮಾರಕ, ಸಂಜೆಯೊಳಗೆ ಕೆಳಗಿರಬೇಕು. ಕತ್ತಲಲ್ಲಿ ಆ ಗುಳಿಗಳನ್ನ ಹುಡುಕ್ಕೊಂಡು ಇಳಿಯೋ ಐಡಿಯಾ ಇದ್ರೆ ಮೇಲಿನ ಮೊದಲನೇ ಉತ್ತರ ಇನ್ನೊಂದ್ಸಲ ಓದಿ. ಟೈಮ್ ಮಿಕ್ಕಿದ್ರೆ ಅದೇ ತಾಲ್ಲೂಕಿನ ಮೈದನಹಳ್ಳಿ ಕಡೆ ಹೋಗಿ, ಹುಲ್ಲುಗಾವಲಲ್ಲಿ ಕೃಷ್ಣಮೃಗ ಕಾಣಿಸ್ತವೆ, ಅದಕ್ಕೆ ಮಂಡಿನೂ ಬೇಡ ಶೂನೂ ಬೇಡ.