ಓದುಗರ ಪ್ರಶ್ನೆ, ಗ್ರಂಥಪಾಲಕರ ಉತ್ತರ: ಸರ್ಕಾರಿ ಪುಸ್ತಕಕ್ಕೆ ಊರವರು ಕರೆಯುವ ಹೆಸರು

ಪ್ರಶ್ನೆ: ನಮ್ಮ ಊರಿನ ವಾಚನಾಲಯಕ್ಕೆ ನಿವೃತ್ತ ಅಧ್ಯಾಪಕರೊಬ್ಬರ ಮನೆಯವರು ಎರಡು ಕಪಾಟು ತುಂಬುವಷ್ಟು ಹಳೆಯ ಸರ್ಕಾರಿ ಪ್ರಕಟಣೆಗಳನ್ನು ಕೊಟ್ಟಿದ್ದಾರೆ. ಜನಗಣತಿ ಕೈಪಿಡಿಗಳು, ಜಿಲ್ಲೆಗಳ ವಿವರ ಕೊಡುವ ಗೆಜೆಟಿಯರ್‌ಗಳು, ಆಯೋಗಗಳ ವರದಿಗಳು, ಸರ್ಕಾರಿ ಅಧಿಸೂಚನೆಗಳಿರುವ ಬಿಡಿ ಗೆಜೆಟ್ ಸಂಚಿಕೆಗಳು ಅದರಲ್ಲಿವೆ. ಸ್ಟಾಕ್ ರಿಜಿಸ್ಟರಿನಲ್ಲಿ ಎಲ್ಲದಕ್ಕೂ ‘ಸರ್ಕಾರಿ ಪುಸ್ತಕ’ ಎಂದು ಬರೆದಿದ್ದೇವೆ. ಒಂದು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಗುಜರಿಗೆ ಹಾಕೋಣವೆಂದು ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮಾನ್ಯರೇ, ದಯವಿಟ್ಟು ಒಂದು ಹಾಳೆಯನ್ನೂ ಗುಜರಿಗೆ ಹಾಕಬೇಡಿ. ಯಾರೂ ಕೇಳಲಿಲ್ಲ ಎಂದು ಬರೆದಿದ್ದೀರಿ. ‘ಸರ್ಕಾರಿ ಪುಸ್ತಕ’ ಎಂಬ ಎರಡು ಪದಗಳ ಹಿಂದೆ ತಮ್ಮ ಊರಿನ ಎಪ್ಪತ್ತು ವರ್ಷಗಳ ಲೆಕ್ಕ ಕುಳಿತಿದೆ ಎಂದು ಅವರಿಗೆ ಗೊತ್ತಾಗುವ ದಾರಿಯಾದರೂ ಯಾವುದಿತ್ತು?

ತಮ್ಮ ಬದಿಯಡ್ಕವನ್ನೇ ತೆಗೆದುಕೊಳ್ಳಿ. 1951ರ ಜನಗಣತಿಯ ಹೊತ್ತಿಗೆ ಅದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನಲ್ಲಿತ್ತು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷ ಕಣ್ಣೂರು ಜಿಲ್ಲೆ ಹುಟ್ಟಿದಾಗ ಅದರ ಭಾಗವಾಯಿತು. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಹೀಗಾಗಿ ಬದಿಯಡ್ಕದ ಒಬ್ಬ ವಿದ್ಯಾರ್ಥಿ ತನ್ನ ಊರಿನ ಜನಸಂಖ್ಯೆ, ಸಾಕ್ಷರತೆ, ಸಾಗುವಳಿಯ ವಿವರಗಳನ್ನು ಕಾಲಾನುಕ್ರಮದಲ್ಲಿ ನೋಡಬೇಕೆಂದರೆ, 1951ಕ್ಕೆ ‘ಮದರಾಸು, ದಕ್ಷಿಣ ಕನ್ನಡ’ ಎಂದೂ, 1961ರಿಂದ 1981ರವರೆಗೆ ‘ಕೇರಳ, ಕಣ್ಣೂರು’ ಎಂದೂ, 1991ರಿಂದ ಈಚೆಗೆ ಮಾತ್ರ ‘ಕೇರಳ, ಕಾಸರಗೋಡು’ ಎಂದೂ ಹುಡುಕಬೇಕಾಗುತ್ತದೆ. ಊರು ಇದ್ದಲ್ಲಿಂದ ಒಂದು ಅಂಗುಲವೂ ಕದಲಲಿಲ್ಲ. ಅದರ ಪುಸ್ತಕಗಳು ಮಾತ್ರ ಮೂರು ಹೆಸರುಗಳಲ್ಲಿ ಚದುರಿಹೋದವು. ಇವನ್ನು ಒಂದೆಡೆ ಕಾಣುವಂತೆ ಮಾಡುವುದು ಗ್ರಂಥಸೂಚಿಯ ಕೆಲಸ, ಮತ್ತು ಈ ಗಡಿನಾಡಿನ ವಾಚನಾಲಯಗಳಲ್ಲದೆ ಬೇರೆಯವರು ಅದನ್ನು ಮಾಡಿಕೊಡುವರೆಂದು ನಾನು ನಂಬುವುದಿಲ್ಲ.

ಗೆಜೆಟಿಯರ್‌ಗಳಿಗೂ ಇದೇ ತೊಡಕು ಇದೆ. 1894 ಮತ್ತು 1895ರಲ್ಲಿ ಮದರಾಸಿನ ಸರ್ಕಾರಿ ಮುದ್ರಣಾಲಯದಿಂದ ಎರಡು ಸಂಪುಟಗಳಾಗಿ ಬಂದ ಸೌತ್ ಕೆನರಾ ಮ್ಯಾನ್ಯುಅಲ್ ನಮ್ಮ ನಾಡನ್ನು ಒಳಗೊಂಡಿದೆ. ಮೊದಲನೆಯದು ಸ್ಟರಕ್ ಅವರದು, ಎರಡನೆಯದು ಸ್ಟುವರ್ಟ್ ಅವರದು. ಆಮೇಲೆ ಕೇರಳ ಸರ್ಕಾರ 1972ರಲ್ಲಿ ಹೊರತಂದ ಕಣ್ಣೂರು ಜಿಲ್ಲಾ ಗೆಜೆಟಿಯರಿನಲ್ಲಿ ನಾವಿದ್ದೇವೆ. ನಾನು ಗ್ರಂಥಪಾಲಕನಾಗಿ ಸೇರಿದ ಹೊಸದರಲ್ಲಿ ಹಿರಿಯ ಕೃಷಿಕರೊಬ್ಬರು ಬಂದು ‘ಸ್ಟರಕ್ ಸಾಹೇಬರ ಪುಸ್ತಕ ಉಂಟೋ?’ ಎಂದು ಕೇಳಿದರು. ಮೂಲಗೇಣಿ, ಚಾಲಗೇಣಿ ಎಂಬ ಜಮೀನಿನ ಗೇಣಿ ಪದ್ಧತಿಗಳ ಬಗ್ಗೆ ಅದರಲ್ಲಿ ಏನಿದೆ ಎಂದು ನೋಡುವುದು ಅವರ ಇಚ್ಛೆಯಾಗಿತ್ತು. ಕಾರ್ಡುಗಳನ್ನು ತಿರುವಿ ಇಲ್ಲವೆಂದೆ. ಅದು ‘ಮದರಾಸು’ ಎಂಬ ಶೀರ್ಷಿಕೆಯಡಿ, ಕರ್ತೃವಿನ ಹೆಸರಿಲ್ಲದೆ ನಮೂದಾಗಿ, ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿಯೇ ಇತ್ತೆಂದು ಎರಡು ವರ್ಷಗಳ ಬಳಿಕ ತಿಳಿಯಿತು. ಅವರು ಮತ್ತೆ ಬರಲಿಲ್ಲ. ಆ ದಿನದ ‘ಇಲ್ಲ’ ಎಂಬ ಮಾತು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಆದುದರಿಂದ ಪ್ರತಿ ಪುಸ್ತಕಕ್ಕೂ ಮೊದಲು ಅದನ್ನು ಹೊರಡಿಸಿದ ಸರ್ಕಾರ, ಅನಂತರ ಇಲಾಖೆ ಅಥವಾ ಆಯೋಗ, ಆಮೇಲೆ ಮುಖಪುಟದಲ್ಲಿರುವ ಶೀರ್ಷಿಕೆ ಮತ್ತು ವರ್ಷ ಎಂಬ ಕ್ರಮದಲ್ಲಿ ನಮೂದು ಬರೆಯಿರಿ. ಪುಸ್ತಕ ಬಂದ ಕಾಲದಲ್ಲಿ ಸರ್ಕಾರಕ್ಕೆ ಯಾವ ಹೆಸರಿತ್ತೋ ಅದನ್ನೇ ಉಳಿಸಿಕೊಳ್ಳಿ. ಮೈಸೂರು ರಾಜ್ಯವು 1973ರಲ್ಲಿ ಕರ್ನಾಟಕವಾಯಿತೆಂದು 1967ರ ವರದಿಯ ಮೇಲೆ ‘ಕರ್ನಾಟಕ’ ಎಂದು ತಿದ್ದುವುದು ಸರಿಯಲ್ಲ. ಅದಕ್ಕೆ ಬದಲಾಗಿ ‘ಕರ್ನಾಟಕ: ಹಿಂದಿನ ಪ್ರಕಟಣೆಗಳಿಗೆ ಮೈಸೂರು ನೋಡಿ’ ಎಂದು ಇನ್ನೊಂದು ಸಾಲು ಸೇರಿಸಿ. ‘ನೋಡಿ’ ಎಂಬ ಈ ಚಿಕ್ಕ ಸಾಲುಗಳೇ ಇಡೀ ಕೆಲಸದ ಜೀವ.

ಏಕೆಂದರೆ ಸರ್ಕಾರ ಇಟ್ಟ ಹೆಸರಿನಿಂದ ಜನರು ವರದಿಯನ್ನು ಕೇಳುವುದಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿದ ವರದಿ ನಮಗೆಲ್ಲ ‘ಮಹಾಜನ ವರದಿ’ಯೇ, ಆದರೆ ಅದರ ಅಧಿಕೃತ ಶೀರ್ಷಿಕೆಯು ಮಹಾರಾಷ್ಟ್ರ–ಮೈಸೂರು–ಕೇರಳ ಗಡಿವಿವಾದಗಳ ಆಯೋಗದ ವರದಿ ಎಂದಿದ್ದು, ಅದರಲ್ಲಿ ಆಯೋಗದ ಮುಖ್ಯಸ್ಥ ಮಹಾಜನರ ಹೆಸರೂ ಇಲ್ಲ, ಕಾಸರಗೋಡಿನ ಹೆಸರೂ ಇಲ್ಲ. ‘ಫಜಲ್ ಅಲಿ ವರದಿ’ ಎಂದು ಕೇಳುವವರಿಗೆ 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಸಿಗಬೇಕು. ಇನ್ನು ಎಣ್ಮಕಜೆಯ ಕಡೆಯವರು ಗೇರು ತೋಟಗಳಲ್ಲಿ ನಡೆದ ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆಯ ಬಗ್ಗೆ ‘ಅಚ್ಯುತನ್ ಸಮಿತಿ’, ‘ದುಬೆ ಸಮಿತಿ’, ‘ಅಹಮದಾಬಾದಿನವರ ವರದಿ’ ಎಂದೇ ಕೇಳುತ್ತಾರೆ. ಕೊನೆಯದು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ. ಒಂದು ಕುಟುಂಬವು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವಾಗ, ಅಧಿಕೃತ ಶೀರ್ಷಿಕೆ ಗೊತ್ತಿಲ್ಲವೆಂಬ ಕಾರಣಕ್ಕೆ ಆ ವರದಿ ಅವರ ಕೈಗೆ ಬಾರದಿರುವುದು ಅನ್ಯಾಯ. ಅಧ್ಯಕ್ಷರ ಹೆಸರು, ಊರಿನ ಹೆಸರು, ವಿಷಯದ ಹೆಸರು ಈ ಮೂರರಿಂದಲೂ ಪುಸ್ತಕ ಸಿಗುವಂತಿರಬೇಕು.

ಊರಿನ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಿರಿ, ಜೊತೆಗೆ ಇತರ ರೂಪಗಳನ್ನೂ ಕೊಡಿ. ಕುಂಬಳೆಯು ಮಲಯಾಳ ಪ್ರಕಟಣೆಗಳಲ್ಲಿ ಕುಂಬಳ ಆಗಿರುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗಿರುತ್ತದೆ. ಪುಸ್ತಕ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೂ, ಒಳಗೇನಿದೆ ಎಂಬುದನ್ನು ಕನ್ನಡದಲ್ಲಿ ಎರಡು ಸಾಲು ಬರೆದಿಟ್ಟರೆ ಓದುಗರು ಧೈರ್ಯದಿಂದ ಕೈಗೆತ್ತಿಕೊಳ್ಳುತ್ತಾರೆ. ಕಂಪ್ಯೂಟರ್ ಇದ್ದರೆ ಉಚಿತವಾಗಿ ಸಿಗುವ ‘ಕೋಹಾ’ ತಂತ್ರಾಂಶದಲ್ಲಿ ಕನ್ನಡ ಲಿಪಿಯಲ್ಲಿಯೇ ಇದನ್ನೆಲ್ಲ ತುಂಬಬಹುದು. ಇಲ್ಲವಾದರೆ ಅಕಾರಾದಿಯಾಗಿ ಗೆರೆ ಹಾಕಿದ ಒಂದು ದಪ್ಪ ನೋಟ್‌ಬುಕ್ ಸಾಕು. ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂಬುದನ್ನು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಸೂತ್ರವಾಗಿ ಕೊಟ್ಟ ಎಸ್. ಆರ್. ರಂಗನಾಥನ್ ಅವರು, ಗ್ರಂಥಪಾಲಕರಾಗುವ ಮುನ್ನ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರೆಂಬುದನ್ನು ಇಲ್ಲಿ ಸಂತೋಷದಿಂದ ನೆನೆಯುತ್ತೇನೆ.

ಪ್ರಶ್ನೆ: ಗೆಜೆಟ್‌ಗಳೆಲ್ಲ ಈಗ ಇಂಟರ್ನೆಟ್ಟಿನಲ್ಲಿಯೇ ಸಿಗುವಾಗ ಗ್ರಂಥಾಲಯದವರು ಅದಕ್ಕಾಗಿ ಏಕೆ ಶ್ರಮಿಸಬೇಕು?
– ಪದವಿ ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಭಾರತ ಸರ್ಕಾರದ ಗೆಜೆಟ್ 2015ರ ಅಕ್ಟೋಬರಿನಿಂದ ಕಾಗದದ ಮೇಲೆ ಮುದ್ರಣವಾಗುವುದು ನಿಂತು ಇಂಟರ್ನೆಟ್ಟಿಗೆ ಬಂದಿದೆ, ನಿಜ. ಆದರೆ ಜಾಲತಾಣದಲ್ಲಿ ಇರುವುದು ಬೇರೆ, ಬೇಕಾದವರಿಗೆ ಬೇಕಾದ ದಿನ ಸಿಗುವುದು ಬೇರೆ. ರಾಷ್ಟ್ರೀಯ ಹೆದ್ದಾರಿಗಾಗಿ ಜಮೀನು ತೆಗೆದುಕೊಳ್ಳುವ ಮೊದಲ ಅಧಿಸೂಚನೆ ಗೆಜೆಟಿನಲ್ಲಿ ಪ್ರಕಟವಾದ ಬಳಿಕ ಆಕ್ಷೇಪ ಸಲ್ಲಿಸಲು ಕಾನೂನು ಕೊಟ್ಟಿರುವ ಅವಧಿ 21 ದಿನ ಮಾತ್ರ. ಅದರ ಸಾರಾಂಶವು ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಒಂದು ಪ್ರಾದೇಶಿಕ ಭಾಷೆಯದಾಗಿರುವಂತೆ, ಬರಬೇಕೆಂಬ ನಿಯಮವಿದೆ. ಆದರೆ ಆ ಭಾಷೆ ಮಲಯಾಳವಾಗಿದ್ದರೆ ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರಿಗೆ ಏನು ತಿಳಿಯುತ್ತದೆ? ಇಲಾಖೆಯ ಹೆಸರು, ಅಧಿಸೂಚನೆಯ ಸಂಖ್ಯೆ, ದಿನಾಂಕ ಗೊತ್ತಿಲ್ಲದೆ ಸಾವಿರಾರು ಕಡತಗಳ ನಡುವೆ ತಮ್ಮ ಗ್ರಾಮದ ಸರ್ವೆ ನಂಬರನ್ನು ಅವರು ಹುಡುಕಲಾರರು. ವಾರಕ್ಕೊಮ್ಮೆ ಜಿಲ್ಲೆಗೆ ಸಂಬಂಧಿಸಿದ ಅಧಿಸೂಚನೆಗಳನ್ನು ಗ್ರಾಮವಾರು ಕನ್ನಡದಲ್ಲಿ ಪಟ್ಟಿ ಮಾಡಿ ವಾಚನಾಲಯದ ಫಲಕದಲ್ಲಿ ಅಂಟಿಸಿದರೆ ಅದೇ ಸೂಚೀಕರಣ, ಮತ್ತು ನನ್ನ ಮಟ್ಟಿಗೆ ಗ್ರಂಥಾಲಯವೊಂದು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ.

ಕಚೇರಿಗಳಿಗೂ ಈ ಹೊಣೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣವು ದಾಖಲೆಗಳನ್ನು ಸೂಚಿ ಸಹಿತ ಕ್ರಮಬದ್ಧವಾಗಿ ಇಡಬೇಕೆಂದು ವಿಧಿಸುತ್ತದೆ, ಮಾಹಿತಿ ಹರಡುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕೆಂದೂ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸಿ ಕನ್ನಡದಲ್ಲಿಯೇ ಉತ್ತರ ಪಡೆಯಲು ಅವಕಾಶವಿದೆ. ತಾವು ಮತ್ತು ತಮ್ಮ ಸಹಪಾಠಿಗಳು ಪಂಚಾಯತಿನ ಪ್ರಕಟಣೆಗಳ ಪಟ್ಟಿಯನ್ನು ಕೇಳಿ ಕನ್ನಡದಲ್ಲಿ ಒಂದು ಪತ್ರ ಬರೆದು ನೋಡಿ.

ಪ್ರಶ್ನೆ: ಹಳೆಯ ಗೆಜೆಟಿಯರ್‌ಗಳನ್ನು ಸ್ಕ್ಯಾನ್ ಮಾಡಿ ಹಂಚುವುದು ಅಪರಾಧವೇ?
– ವಾಚನಾಲಯದ ಕಾರ್ಯದರ್ಶಿಯೊಬ್ಬರು, ಪೈವಳಿಕೆ

ಉತ್ತರ: ಸರ್ಕಾರಿ ಕೃತಿಗಳಿಗೆ ಹಕ್ಕುಸ್ವಾಮ್ಯ ಇರುವುದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಆದುದರಿಂದ 1894ರ ಮ್ಯಾನ್ಯುಅಲ್ಲಿಗಾಗಲಿ 1951ರ ಜನಗಣತಿ ಕೈಪಿಡಿಗಾಗಲಿ ಅಡ್ಡಿಯಿಲ್ಲ. 1972ರ ಗೆಜೆಟಿಯರಿಗೆ ಮಾತ್ರ ಇನ್ನೂ ಕಾಯಬೇಕು. ಶಾಸನಸಭೆಯಲ್ಲಿ ಮಂಡಿಸಲಾದ ಆಯೋಗಗಳ ವರದಿಗಳನ್ನು, ಸರ್ಕಾರ ನಿಷೇಧಿಸಿರದಿದ್ದರೆ, ಈಗಲೇ ಪ್ರತಿ ಮಾಡಬಹುದು. ಸ್ಕ್ಯಾನ್ ಮಾಡಿದ ಕಡತಕ್ಕೆ ಬರಿಯ ಸಂಖ್ಯೆಯ ಹೆಸರು ಕೊಟ್ಟುಬಿಡಬೇಡಿ; ಸರ್ಕಾರ, ಜಿಲ್ಲೆ, ವರ್ಷ, ಸಂಪುಟ ನಾಲ್ಕೂ ಆ ಹೆಸರಿನಲ್ಲಿರಲಿ, ಮತ್ತು ಮುಖಪುಟದ ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ, ಏಕೆಂದರೆ ಮುದ್ರಣದ ವಿವರ ಅನೇಕ ಪುಸ್ತಕಗಳಲ್ಲಿ ಅಲ್ಲಿಯೇ ಇರುತ್ತದೆ.