ಕಪ್ ಗೆದ್ದರೂ ಮೀಸೆ ತಿರುವುವ ಹಾಗಿಲ್ಲವೇ?

ಓದುಗರ ಪತ್ರ: ಮಗಳ ಸಂಸಾರ ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿದೆ. ಮೊಮ್ಮಗ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಾನೆ. 2024ರ ನವೆಂಬರ್ ಕೊನೆಗೆ ಅವರ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ತಂಡ ಮಿಶಿಗನ್‌ಗೆ ಸೋತ ದಿನ ಮನೆಯಲ್ಲಿ ಸೂತಕದ ಕಳೆಯಂತೆ. ಜನವರಿಯಲ್ಲಿ ಅದೇ ತಂಡ ದೇಶಕ್ಕೇ ಚಾಂಪಿಯನ್ ಆಯಿತು. ಆದರೂ ಮಿಶಿಗನ್‌ನಲ್ಲಿ ಓದಿದ ಪಕ್ಕದ ಮನೆಯವರು ವರ್ಷವಿಡೀ ‘ನಮ್ಮೆದುರು ಮಾತಾಡಬೇಡಿ’ ಎನ್ನುತ್ತಲೇ ಇದ್ದರಂತೆ, ಇವನೂ ಸುಮ್ಮನಿದ್ದನಂತೆ. ದೇಶ ಗೆದ್ದವನು ನೆರೆಯವನೆದುರು ತಲೆ ತಗ್ಗಿಸುವುದು ಯಾವ ನ್ಯಾಯ? ‘ಕಾನ್ಫರೆನ್ಸ್’ ಎಂದು ಬಾಯಿಗೊಮ್ಮೆ ಹೇಳುತ್ತಾರಲ್ಲ, ಅದೇನು? ಈ ನವೆಂಬರ್‌ನಲ್ಲಿ ನಾನೂ ಅಲ್ಲಿರುತ್ತೇನೆ. ಬಾಯಿಬಿಟ್ಟು ಬಣ್ಣಗೇಡಾಗದಷ್ಟು ತಿಳಿಸಿ. — ದಾವಣಗೆರೆಯ ಓದುಗರು

ಸಂಪಾದಕರ ಉತ್ತರ: ನ್ಯಾಯವೇ ಸ್ವಾಮಿ. ಅಲ್ಲಿ ಲೆಕ್ಕದ ಪುಸ್ತಕ ಎರಡು. ಒಂದು ಕಪ್ಪಿನದು, ಇನ್ನೊಂದು ದಾಯಾದಿಯದು. ಒಂದರ ಜಮೆಯನ್ನು ತೆಗೆದು ಇನ್ನೊಂದರ ಸಾಲಕ್ಕೆ ವಜಾ ಹಾಕಿಕೊಳ್ಳುವಂತಿಲ್ಲ. ಮೊಮ್ಮಗ ಸುಮ್ಮನಿದ್ದನೆಂದರೆ ಅವನಿಗೆ ಆಟದ ಲೆಕ್ಕ ಚೆನ್ನಾಗಿ ಗೊತ್ತಿದೆ ಎಂದೇ ಅರ್ಥ.

ಮೊದಲು ಕಾನ್ಫರೆನ್ಸ್. ಮೇಜು ಕುರ್ಚಿ ಹಾಕಿದ ಸಭೆಯನ್ನು ಮರೆತುಬಿಡಿ. ಇದು ವಿಶ್ವವಿದ್ಯಾಲಯಗಳು ಆಟಕ್ಕಾಗಿ ಕಟ್ಟಿಕೊಂಡ ಒಕ್ಕೂಟ. ಓಹಾಯೊ ಸ್ಟೇಟ್, ಮಿಶಿಗನ್ ಎರಡೂ ಇರುವುದು 1896ರಲ್ಲಿ ಹುಟ್ಟಿದ ‘ಬಿಗ್ ಟೆನ್’ನಲ್ಲಿ. ಹೆಸರಲ್ಲಿ ಹತ್ತು, 2024ರಿಂದ ಇರುವವರು 18. (ಲೆಕ್ಕ ತಪ್ಪಿದರೂ ಹೆಸರು ಬಿಡರು.) ತಂಡವೊಂದಕ್ಕೆ ಋತುವಿನಲ್ಲಿ 12 ಪಂದ್ಯ, ಬಿಗ್ ಟೆನ್‌ನಲ್ಲಿ ಅದರಲ್ಲಿ 9 ಒಳಗಿನವರ ಮೇಲೆಯೇ. ಅಂದರೆ ಮಿಕ್ಕ 17 ತಂಡಗಳಲ್ಲಿ 8 ತಂಡಗಳ ಮುಖವನ್ನು ಆ ವರ್ಷ ನೋಡುವುದೇ ಇಲ್ಲ. ಅಂಕಪಟ್ಟಿಯಲ್ಲಿ ಸಮ ಬಂದಾಗ ಮೊದಲು ಪರಸ್ಪರ ಯಾರು ಯಾರನ್ನು ಸೋಲಿಸಿದರೆಂದು ನೋಡುತ್ತಾರೆ. ಆಡಿಯೇ ಇಲ್ಲವಾದರೆ ಇಬ್ಬರೂ ಎದುರಿಸಿದ ಸಮಾನ ಎದುರಾಳಿಗಳ ಮೇಲಿನ ಫಲಿತಾಂಶ. ‘ನಿಮಗೆ ಸಿಕ್ಕವರೆಲ್ಲ ಮೆತ್ತಗಿನವರು’ ಎಂಬ ಜಗಳ ಹುಟ್ಟುವುದೇ ಇಲ್ಲಿ. ಆದರೆ ಓಹಾಯೊ–ಮಿಶಿಗನ್ ಜೋಡಿಯನ್ನು ಮಾತ್ರ ವೇಳಾಪಟ್ಟಿಯಲ್ಲಿ ಕಾಯ್ದಿರಿಸಿದ್ದಾರೆ: ಪ್ರತಿವರ್ಷ, ಕೊನೆಯ ಪಂದ್ಯವಾಗಿ. ತಪ್ಪಿಸಿಕೊಂಡೆನೆನ್ನುವ ನೆಪ ಯಾರಿಗೂ ಇಲ್ಲ. ಅದಕ್ಕೆ ಅವರಿಟ್ಟ ಹೆಸರು ‘ದಿ ಗೇಮ್’, ಅಷ್ಟೇ. ಉಳಿದವೆಲ್ಲ ಆಟವೇ ಅಲ್ಲವೆಂಬ ಧಿಮಾಕು ಆ ಹೆಸರಲ್ಲೇ ಇದೆ.

ಎರಡು ವಿಶ್ವವಿದ್ಯಾಲಯಗಳ ನಡುವೆ ದಾರಿ ಸುಮಾರು 300 ಕಿ.ಮೀ., ದಾವಣಗೆರೆಯಿಂದ ಬೆಂಗಳೂರಿಗಿಂತ ತುಸು ಹೆಚ್ಚು. ತಂಡಗಳು ಮೊದಲು ಆಡಿದ್ದು 1897ರಲ್ಲಿ. ಜಗಳ ಅದಕ್ಕಿಂತ ಹಳೆಯದು. 1835ರಲ್ಲಿ ಟೊಲೆಡೊ ಪಟ್ಟಣ ಯಾರದೆಂದು ಎರಡೂ ಕಡೆಯವರು ಬಂದೂಕು ಹಿಡಿದು ಗಡಿಗೆ ಹೋಗಿದ್ದರು. ಪಟ್ಟಣ ಓಹಾಯೊಗೆ ಹೋಯಿತು. ಗಡಿ ತಂಟೆ ಎಷ್ಟು ತಲೆಮಾರು ಬಾಳುತ್ತದೆಂದು ಕನ್ನಡದವರಿಗೆ ಹೇಳಬೇಕಾಗಿಲ್ಲ.

ಕಾನ್ಫರೆನ್ಸು ಈ ದಾಯಾದಿತನಕ್ಕೆ ಹೇಗೆ ತುಪ್ಪ ಸುರಿಯುತ್ತದೆಂದು ತಿಳಿಯಬೇಕಾದರೆ 1973ಕ್ಕೆ ಹೋಗಬೇಕು. ಆಗ ಬಿಗ್ ಟೆನ್‌ನಿಂದ ಒಂದೇ ತಂಡಕ್ಕೆ ಋತುವಿನ ನಂತರದ ಪಂದ್ಯ. ಅದೂ ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಮಾತ್ರ. ನವೆಂಬರ್ 24ರಂದು ಸೋಲನ್ನೇ ಕಾಣದ ಎರಡು ತಂಡಗಳು ಮಿಶಿಗನ್ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ನಲ್ಲಿ ಎದುರಾದವು. ಫಲಿತಾಂಶ 10–10. ಆಗ ಹೆಚ್ಚುವರಿ ಅವಧಿ ಇರಲಿಲ್ಲ, ಅದು ಬಂದದ್ದು 1996ರಲ್ಲಿ. ಮಿಶಿಗನ್‌ನ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಮುಖ್ಯ ಆಟಗಾರ) ಡೆನಿಸ್ ಫ್ರಾಂಕ್ಲಿನ್ ಆ ಪಂದ್ಯದಲ್ಲಿ ಕುತ್ತಿಗೆಯ ಕೆಳಗಿನ ಮೂಳೆ ಮುರಿದುಕೊಂಡಿದ್ದರು. ಮರುದಿನ ಬಿಗ್ ಟೆನ್‌ನ ಹತ್ತು ವಿಶ್ವವಿದ್ಯಾಲಯಗಳ ಕ್ರೀಡಾ ನಿರ್ದೇಶಕರು ಮತ ಹಾಕಿದರು: 6–4, ಓಹಾಯೊ ಸ್ಟೇಟ್ ಹೋಗಲಿ. ಮೈದಾನದಲ್ಲಿ ಸೋಲದ ಮಿಶಿಗನ್ ಪಂಚಾಯಿತಿಯಲ್ಲಿ ಸೋತಿತು. ಸೋತದ್ದನ್ನು ಜನ ಮರೆಯಬಹುದು, ಪಂಚರು ಕೈಕೊಟ್ಟದ್ದನ್ನು ಮರೆಯುವುದಿಲ್ಲ. ಆ ಮತದಾನ ಇವತ್ತಿಗೂ ಮಾತಿಗೆ ಬರುತ್ತದೆ. ಒಂದೇ ತಂಡವೆಂಬ ನಿಯಮ 1975ಕ್ಕೆ ಬಿದ್ದುಹೋಯಿತು.

ಈಗ ನಿಮ್ಮ ಮೊಮ್ಮಗನ ನವೆಂಬರ್. 2024ರ ನವೆಂಬರ್ 30ರಂದು ಕೊಲಂಬಸ್‌ಗೆ ಬಂದ ಮಿಶಿಗನ್ ಆವರೆಗೆ ಆಡಿದ 11ರಲ್ಲಿ 5 ಸೋತಿತ್ತು. ಓಹಾಯೊ ಸ್ಟೇಟ್ ದೇಶದಲ್ಲಿ ಎರಡನೆಯದು. ಮುಗಿದಾಗ 13–10, ಮಿಶಿಗನ್. ಕೊನೆಯ ನಿಮಿಷದಲ್ಲಿ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸಿದ ಮೂರು ಅಂಕ ಅದನ್ನು ತೀರ್ಮಾನಿಸಿತು. ಅದು ಸಾಲಾಗಿ ನಾಲ್ಕನೆಯ ಸೋಲು. ಗೆದ್ದಿದ್ದರೆ ಓಹಾಯೊ ಸ್ಟೇಟ್, ಅಂಕಪಟ್ಟಿಯ ಮೊದಲಿಬ್ಬರು ಆಡುವ ಬಿಗ್ ಟೆನ್ ಫೈನಲ್‌ಗೆ ಹೋಗುತ್ತಿತ್ತು: ಅದರಷ್ಟೇ ಗೆಲುವಿರುತ್ತಿದ್ದ ಪೆನ್ ಸ್ಟೇಟ್, ಇಂಡಿಯಾನಾ ಎರಡನ್ನೂ ಅದು ಮೊದಲೇ ಸೋಲಿಸಿತ್ತು. ಸೋತದ್ದರಿಂದ ಆ ಜಾಗಕ್ಕೆ ಹೋದದ್ದು ಪೆನ್ ಸ್ಟೇಟ್.

ಹಾಗಾದರೆ ದೇಶದ ಕಪ್ ಹೇಗೆ ಬಂತು? ಅದೇ ವರ್ಷ ಪ್ಲೇಆಫ್, ಅಂದರೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಸುತ್ತು, 4 ತಂಡಗಳಿಂದ 12ಕ್ಕೆ ಹಿಗ್ಗಿತ್ತು. ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಮೀಸಲು, ಮಿಕ್ಕ ಏಳನ್ನು ಸಮಿತಿ ಆರಿಸುತ್ತದೆ. ಆ ಏಳರ ಬಾಗಿಲಿನಿಂದ ನುಗ್ಗಿದ ಓಹಾಯೊ ಸ್ಟೇಟ್ ಟೆನೆಸ್ಸಿ, ಆರೆಗನ್, ಟೆಕ್ಸಾಸ್ ತಂಡಗಳನ್ನು ಕೆಡವಿ, ಜನವರಿ 20ರಂದು ನೋಟರ್ ಡೇಮ್ ಅನ್ನು 34–23ರಿಂದ ಸೋಲಿಸಿತು. ಹಳೆಯ ಪದ್ಧತಿಯಲ್ಲಾಗಿದ್ದರೆ ಮಿಶಿಗನ್‌ಗೆ ಸೋತ ದಿನವೇ ಋತು ಬಹುಪಾಲು ಮುಗಿದಂತೆ. ಎರಡು ಲೆಕ್ಕದ ಪುಸ್ತಕಗಳು ಇಷ್ಟು ದೂರ ಸರಿದದ್ದು ಈ ಬದಲಾವಣೆಯಿಂದ.

ಸರಿದವು, ಒಂದಾಗಲಿಲ್ಲ. ಓಹಾಯೊ ಸ್ಟೇಟ್‌ನಲ್ಲಿ 1934ರಿಂದ ಒಂದು ಪದ್ಧತಿ ಇದೆ: ಮಿಶಿಗನ್ ಅನ್ನು ಸೋಲಿಸಿದ ವರ್ಷ ಪ್ರತಿ ಆಟಗಾರನಿಗೂ ಚಡ್ಡಿಯ ಆಕಾರದ ಪುಟ್ಟ ಚಿನ್ನದ ಪದಕ. ‘ಗೋಲ್ಡ್ ಪ್ಯಾಂಟ್ಸ್’ ಎನ್ನುತ್ತಾರೆ. ದೇಶ ಗೆದ್ದರೆ ಉಂಗುರ ಬರುತ್ತದೆ, ಚಡ್ಡಿ ಬರುವುದಿಲ್ಲ. 2021ರಲ್ಲಿ ತಂಡಕ್ಕೆ ಸೇರಿ 2024ರ ಋತು ಮುಗಿಸಿ ಹೊರಟ ಹುಡುಗರ ಬೆರಳಲ್ಲಿ ಉಂಗುರವಿದೆ. ಪೆಟ್ಟಿಗೆಯಲ್ಲಿ ಆ ಚಿನ್ನದ ಚೂರು ಒಂದೂ ಇಲ್ಲ. ಪಕ್ಕದ ಮನೆಯವರು ಕೆಣಕುತ್ತಿದ್ದದ್ದು ಇದನ್ನೇ.

ಅಂಕಿ ಎತ್ತಿ ವಾದಕ್ಕಿಳಿಯುವ ಮುನ್ನ ಒಂದು ಎಚ್ಚರ. 2024ರ ಪಂದ್ಯದ ನಂತರ ದಾಖಲೆಯಲ್ಲಿ ಮಿಶಿಗನ್ 62, ಓಹಾಯೊ ಸ್ಟೇಟ್ 51, ಸಮ 6. ಓಹಾಯೊದವರ ಬಾಯಲ್ಲಿ ಕೆಲವೊಮ್ಮೆ ಒಂದು ಹೆಚ್ಚು ಬರುತ್ತದೆ. 2010ರಲ್ಲಿ ಅವರು 37–7ರಿಂದ ಗೆದ್ದಿದ್ದರು. ಆಟಗಾರರು ನಿಯಮ ಮೀರಿ ಹಚ್ಚೆ ಅಂಗಡಿಯಿಂದ ಲಾಭ ಪಡೆದ ಪ್ರಕರಣದಲ್ಲಿ ಆ ಋತುವಿನ ಗೆಲುವುಗಳನ್ನು ಕಡತದಿಂದ ತೆಗೆದರು. ಕಂಡವರು ಕಂಡದ್ದನ್ನೇ ಎಣಿಸುತ್ತಾರೆ, ಎದುರಿನವರು ಕಡತ ತೋರಿಸುತ್ತಾರೆ.

ಇನ್ನೊಂದು ಸೋಜಿಗ: ಹೊರಗಿನವರೆದುರು ಈ ದಾಯಾದಿಗಳೇ ಒಂದಾಗುವುದು. ಗಂಧರ್ವರು ಕೌರವರನ್ನು ಕಟ್ಟಿಹಾಕಿದಾಗ ಧರ್ಮರಾಯ ‘ಹೊರಗಿನವರಿಗೆ ನಾವು ನೂರೈದು ಮಂದಿ’ ಎಂದನಲ್ಲ, ಹಾಗೆ. ಇದರ ತವರು ದಕ್ಷಿಣದ ‘ಎಸ್‌ಇಸಿ’ ಕಾನ್ಫರೆನ್ಸ್. 2006ರಿಂದ 2012ರವರೆಗಿನ ಏಳೂ ರಾಷ್ಟ್ರ ಪ್ರಶಸ್ತಿಗಳು ಅಲ್ಲಿನ ನಾಲ್ಕೇ ತಂಡಗಳಿಗೆ ಹೋದವು: ಫ್ಲೋರಿಡಾ, ಎಲ್‌ಎಸ್‌ಯು, ಅಲಬಾಮಾ, ಆಬರ್ನ್. ಕ್ರೀಡಾಂಗಣದಲ್ಲಿ ‘ಎಸ್! ಇ! ಸಿ!’ ಎಂದು ಕೂಗುವುದೇ ಅಲ್ಲಿನ ಪದ್ಧತಿ. ಕೂಗಿನ ಬೆನ್ನಿಗೆ ಹಣವೂ ಇದೆ. 2024ರ ಪ್ಲೇಆಫ್‌ನಲ್ಲಿ ತಂಡ ಒಳಹೊಕ್ಕರೆ 40 ಲಕ್ಷ ಡಾಲರ್, ಕ್ವಾರ್ಟರ್ ಫೈನಲ್‌ಗೆ ಇನ್ನೊಂದು 40 ಲಕ್ಷ, ಸೆಮಿಫೈನಲ್‌ಗೆ 60, ಫೈನಲ್‌ಗೆ 60 ಲಕ್ಷ. ಇದು ಸಲ್ಲುವುದು ಕಾನ್ಫರೆನ್ಸಿನ ಖಾತೆಗೆ. ಓಹಾಯೊ ಸ್ಟೇಟ್ ಬೆವರು ಸುರಿಸಿ ತಂದ 2 ಕೋಟಿ ಡಾಲರ್ ಬಿಗ್ ಟೆನ್‌ನ ಗಲ್ಲಾಪೆಟ್ಟಿಗೆಗೆ ಹೋಯಿತು. ನೆರೆಯವರು ಮತ್ತೆ ಕೆಣಕಿದರೆ ಇದನ್ನು ಮೆಲ್ಲಗೆ ನೆನಪಿಸಬಹುದು. ಆದರೂ ಮಿಶಿಗನ್‌ನವರು ಓಹಾಯೊಗೆ ಜೈ ಎಂದದ್ದು ಕಡಿಮೆ. ನೂರೈದರ ಮಾತು ದಕ್ಷಿಣದಲ್ಲಿ ನಡೆದಷ್ಟು ಇಲ್ಲಿ ನಡೆಯದು.

ಕೆಣಕು ಹದ ತಪ್ಪುವುದೂ ಉಂಟು. 2010ರಲ್ಲಿ ಆಬರ್ನ್ 24–0 ಹಿನ್ನಡೆಯಿಂದ ಎದ್ದು ಅಲಬಾಮಾವನ್ನು 28–27ರಿಂದ ಸೋಲಿಸಿತು. ಅಲಬಾಮಾದ ಅಭಿಮಾನಿಯೊಬ್ಬ ಆಬರ್ನ್‌ನ ವಿಜಯೋತ್ಸವದ ಕಟ್ಟೆಯ ಎರಡು ಓಕ್ ಮರಗಳ ಬುಡಕ್ಕೆ ಕಳೆನಾಶಕ ಸುರಿದ. ಹೆಸರು ಮರೆಸಿ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ಕೊಚ್ಚಿಕೊಂಡು ಸಿಕ್ಕಿಬಿದ್ದ. ಬಡಾಯಿಯ ಚಪಲ ಅಷ್ಟಿತ್ತು. ವಿಷ ಬೇರಿನಲ್ಲೂ ಮಣ್ಣಿನಲ್ಲೂ ಉಳಿಯುವ ಜಾತಿಯದು. ಉಳಿಸುವ ಯತ್ನ ಫಲಿಸದೆ 2013ರಲ್ಲಿ ಮರಗಳನ್ನು ಕಡಿದರು. 2024ರ ನಿಮ್ಮ ಪಂದ್ಯದ ಕೊನೆಗೂ ಹಾಗೆಯೇ ಆಯಿತು. ಮಿಶಿಗನ್ ಆಟಗಾರರು ಮೈದಾನದ ನಟ್ಟನಡುವೆ ತಮ್ಮ ಬಾವುಟ ನೆಡಲು ಹೋಗಿ ಹೊಡೆದಾಟ, ಪೊಲೀಸರ ಪೆಪ್ಪರ್ ಸ್ಪ್ರೇ. ಬಿಗ್ ಟೆನ್ ಇಬ್ಬರಿಗೂ ತಲಾ ಒಂದು ಲಕ್ಷ ಡಾಲರ್ ದಂಡ ಹಾಕಿತು.

ನವೆಂಬರ್‌ನ ತಯಾರಿಗೆ ಬರೋಣ. ಸಮ ಸಂಖ್ಯೆಯ ವರ್ಷ ಪಂದ್ಯ ಕೊಲಂಬಸ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಗುರುವಾರದ ನಂತರದ ಶನಿವಾರ, ರೂಢಿಯಂತೆ ಮಧ್ಯಾಹ್ನ 12ಕ್ಕೆ. ಕ್ರೀಡಾಂಗಣ ಹಿಡಿಸುವುದು 1,02,780 ಜನ. ಬೆಳಿಗ್ಗೆ ವಿಶ್ವವಿದ್ಯಾಲಯದ ಸುತ್ತ ಕಾರು ನಿಲ್ಲಿಸುವ ಆಸೆ ಬೇಡ. ನೀಲಿ ಬಟ್ಟೆ, ಹಳದಿ ಶಾಲು ಪೆಟ್ಟಿಗೆಯಲ್ಲೇ ಇರಲಿ. ಮಿಶಿಗನ್‌ನ ಹಳದಿಗೆ ಹೆಸರೇ ಮೆಕ್ಕೆಜೋಳದ್ದು, ದಾವಣಗೆರೆಯವರಿಗೆ ಆ ಬಣ್ಣ ತೋರಿಸಿಕೊಡಬೇಕಾಗಿಲ್ಲ. ಕಡುಗೆಂಪು ಅಥವಾ ಬೂದು ಬಣ್ಣ ಹಾಕಿ. ಆ ವಾರ ಫಲಕಗಳಲ್ಲಿ ‘ಎಂ’ ಅಕ್ಷರದ ಮೇಲೆ ಕೆಂಪು ಪಟ್ಟಿಯ ಅಡ್ಡಗೀಟು ಕಂಡರೆ ಪುಂಡರ ಕೆಲಸವೆಂದುಕೊಳ್ಳಬೇಡಿ, ವಿಶ್ವವಿದ್ಯಾಲಯದೊಳಗೇ ಹಾಕಿರುತ್ತಾರೆ. ಮಿಶಿಗನ್ ಹೆಸರು ಹೇಳದೆ ‘ಆ ಬಡಗಣ ತಂಡ’ ಎನ್ನುವುದು ವಾಡಿಕೆ. ಯಾರಾದರೂ ‘ಓ–ಹೆಚ್!’ ಎಂದು ಕೂಗಿದರೆ ‘ಐ–ಓ!’ ಎನ್ನಿ, ಅಪರಿಚಿತರಾದರೂ ಸರಿ. ನೆರೆಯವರೊಡನೆ ಪಂಥ ಕಟ್ಟುವುದಾದರೆ ಹಣ ಬೇಡ. ಸೋತವರು ಗೆದ್ದವರ ಅಂಗಿ ಹಾಕಿ ಊಟಕ್ಕೆ ಬರಬೇಕು ಎಂಬಂಥದ್ದು ಸಾಕು. ಲೆಕ್ಕ ಬರೀ ಸೋಲು ಗೆಲುವಿನದೆಂದು, ಅಂತರದ್ದಲ್ಲವೆಂದು ಮೊದಲೇ ಮಾತಾಗಿರಲಿ. ಜಗಳ ಹುಟ್ಟುವುದು ಅಲ್ಲೇ.

ಅಂದಹಾಗೆ, 2025ರ ನವೆಂಬರ್ 29ರಂದು ಆನ್ ಆರ್ಬರ್‌ನಲ್ಲಿ ಓಹಾಯೊ ಸ್ಟೇಟ್ 27–9ರಿಂದ ಗೆದ್ದಿದೆ. ಚಿನ್ನದ ಚಡ್ಡಿ ಬಂತು. ಒಂದು ವಾರಕ್ಕೆ ಕಾನ್ಫರೆನ್ಸ್ ಫೈನಲ್‌ನಲ್ಲಿ ಇಂಡಿಯಾನಾ ಅದೇ ತಂಡವನ್ನು 13–10ರಿಂದ ಸೋಲಿಸಿತು. ಈ ಸಲ ಪಕ್ಕದ ಮನೆಯವರು ಅದನ್ನೆತ್ತಿದರೆ ಮೊಮ್ಮಗ ಹೇಳಲಿ: ಅದು ಬೇರೆ ಪುಸ್ತಕ.